ಬಿಳಿ ನೀರು ಬರುವ ತನಕ

ನನ್ನ ಬೈಕಿನ ಟ್ಯಾಂಕಿನ ಮೇಲೆ ‘ಸಾವಕಾಶ’ ಎಂದು ಬರೆದಿದೆ. ಕೆಂಪು ಟ್ಯಾಂಕು, ಹಳದಿ ಅಕ್ಷರ, ಅಂಚಿಗೆ ಕಪ್ಪು ನೆರಳು. ಬರೆದವನು ದೇವದುರ್ಗದ ನಮ್ಮ ಕಾಕಾ. ಫ್ಲೆಕ್ಸ್ ಬರುವುದಕ್ಕೆ ಮೊದಲು ಅಲ್ಲಿನ ಎಷ್ಟೋ ಅಂಗಡಿಗಳ ಬೋರ್ಡು, ಟ್ರ್ಯಾಕ್ಟರ್ ಟ್ರೇಲರುಗಳ ಹಿಂದಿನ ಹಲಗೆ ಅವನ ಕೈಯವೇ ಆಗಿದ್ದವು. ಆಮೇಲೆ ರೇಡಿಯಂ ಸ್ಟಿಕ್ಕರ್ ಬಂತು, ಕೆಲಸ ಹೋಯಿತು. ಈಗ ಕೈಯೂ ನಡುಗುತ್ತದೆ. ಈ ನಾಲ್ಕು ಅಕ್ಷರಕ್ಕೆ ಎರಡು ದಿನ ತೆಗೆದುಕೊಂಡ. ಬಲಗೈ ಮಣಿಕಟ್ಟಿಗೆ ಎಡಗೈಯ ಆಸರೆ ಕೊಟ್ಟು, ಉಸಿರು ಬಿಗಿಹಿಡಿದು ಎಳೆದ. ಮುಗಿದ ಮೇಲೆ ಬ್ರಶ್ ತೊಳೆಯುತ್ತಾ, “ಇನ್ನ ಸಾಕಪ ತಮ್ಮಾ, ಇದ ಕಡೀದು” ಅಂದ. “ಎಂಟ್ ದಿನ ಒಣಗ್ಲಿ, ಆಮ್ಯಾಲ ಲ್ಯಾಕರ್ ಹೊಡಸು” ಅಂತಲೂ ಅಂದ.

ನಾನು ಮೂರು ದಿನಕ್ಕೆ ಹೊಡೆಸಿದೆ.

ಟ್ಯಾಂಕಿಗೆ ಕೆಂಪು ಬಣ್ಣ ಹಚ್ಚಿಸಿದ್ದು ಮಾನ್ವಿಯಲ್ಲಿ, ಗೆಳೆಯನ ಮನೆಯ ಹತ್ತಿರದ ಒಂದು ಸಣ್ಣ ಶೆಡ್ಡಿನಲ್ಲಿ. ಲ್ಯಾಕರಿಗೂ ಅಲ್ಲಿಗೇ ಹೋದೆ. ಲ್ಯಾಕರ್ ಅಂದರೆ ಬಣ್ಣದ ಮೇಲೆ ಕೊನೆಗೆ ಹೊಡೆಯುವ ಬಣ್ಣವಿಲ್ಲದ ಪದರ. ಹೊಳಪು ಬರುವುದು ಅದರಿಂದಲೇ, ಬಿಸಿಲಿನಿಂದ ಬಣ್ಣ ಉಳಿಯುವುದೂ ಅದರಿಂದಲೇ. ಸೋಮವಾರ ನನಗೆ ಗೈಡ್ ಹತ್ತಿರ ಅಧ್ಯಾಯ ಒಪ್ಪಿಸುವುದಿತ್ತು, ಬೈಕ್ ಬೇಕಿತ್ತು. ಮೇ ತಿಂಗಳ ಮಧ್ಯಾಹ್ನ. ಶೆಡ್ಡಿನ ಹುಡುಗ “ಸಂಜಿ ಮುಂದ ಹೊಡೀತೀನ್ರಿ ಅಣ್ಣಾ, ಈಗ ಬಿಸಿಲೈತಿ” ಅಂದರೂ ನಾನು ಕೇಳಲಿಲ್ಲ. ಅವನು ಹಾರ್ಡನರ್ ಬೆರೆಸಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗನ್ ಹಿಡಿದ. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ತುಂತುರು ಒಳಗೆ ಹೋದರೆ ಅಸ್ತಮಾ ಬರಬಹುದು, ಕರ್ಚೀಫು ಅದನ್ನು ತಡೆಯುವುದಿಲ್ಲ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆ ಹೊತ್ತಿಗೆ ಟ್ಯಾಂಕ್ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ.

ಕಾಕಾನ ಎನಾಮೆಲ್ ಸುಕ್ಕುಗಟ್ಟಲಿಲ್ಲ, ಅದೊಂದು ಪುಣ್ಯ. ಹಸಿ ಎನಾಮೆಲ್ ಮೇಲೆ ಇಂಥ ಲ್ಯಾಕರ್ ಬಿದ್ದರೆ ಅದರ ಥಿನ್ನರ್ ಕೆಳಗಿನ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ಹುಡುಗ ಮೊದಲ ಕೋಟನ್ನು ತೆಳ್ಳಗೆ ಹೊಡೆದು ಕಾದಿದ್ದ. ಕೆಟ್ಟದ್ದು ಎರಡನೆಯದರಲ್ಲಿ. ಬಿಸಿಲಿಗೆ ಲ್ಯಾಕರಿನ ಮೇಲ್ಮೈ ಹಾಲಿನ ಹಾಗೆ ಬೇಗ ಕೆನೆಗಟ್ಟಿತು. ಒಳಗೆ ಸಿಕ್ಕಿಬಿದ್ದ ಥಿನ್ನರ್ ಹೊರಬರಲು ಹೋಗಿ ‘ವ’ದ ಹೊಟ್ಟೆಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳಾದವು. ಹೊರಗೆ ಕಾಲುವೆ ನೀರಿನ ಭತ್ತದ ಕೊಯ್ಲು ನಡೆದಿತ್ತು, ರಸ್ತೆಯಲ್ಲೇ ಭತ್ತ ಹರವಿದ್ದರು. ಅದರ ಧೂಳು ಬಂದು ಅಲ್ಲಲ್ಲಿ ಕೂತಿತು. ‘ಶ’ದ ಮೇಲೆ ಲ್ಯಾಕರ್ ದಪ್ಪವಾಗಿ ಬಿದ್ದು, ಮೇಣದಬತ್ತಿಯ ಮೇಣ ಇಳಿದಂತೆ ಇಳಿದು ನಿಂತಿತು.

ರಾಯಚೂರಿನಲ್ಲಿ ಒಬ್ಬ ಹಿರಿಯ ಪೇಂಟರ್ ಇದ್ದಾರೆ, ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಅವರು ಟ್ಯಾಂಕನ್ನು ಬಿಸಿಲಿಗೆ ಓರೆ ಹಿಡಿದು ನೋಡಿದರು. “ಉಗುರು ಒತ್ತು” ಅಂದರು. ಇಳಿದ ಜಾಗದಲ್ಲಿ ಉಗುರಿನ ಗುರುತು ಮೂಡಿತು. “ಒಳಗ ಇನ್ನಾ ಹಸಿ ಐತಿ ಬೇಟಾ. ಹದಿನೈದ್ ದಿನ ಬಿಟ್ಟು ಬಾ.” ಹಸಿ ಇದ್ದಾಗ ಉಜ್ಜಿದರೆ ಅದು ಕತ್ತರಿಸುವುದಿಲ್ಲ, ಕಿತ್ತುಕೊಂಡು ಬರುತ್ತದೆ. “ಎಲ್ಲಾ ತೆಗದು ಹೊಸಾದ್ ಹೊಡದ್ರ ಒಂದs ದಿನದ ಕೆಲಸ. ಆದ್ರ ಬರಹ ಹೋಗ್ತದ. ಸ್ಟಿಕ್ಕರ್ ಹಾಕ್ಸು.” ನಾನು ಆಗುವುದಿಲ್ಲ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಅವರು ಮೊದಲು ಮಾಡಿದ್ದು ಅಕ್ಷರಗಳ ಸುತ್ತ ಟೇಪ್ ಅಂಟಿಸುವುದು. ಕೈಬರಹದ ಬಣ್ಣ ಟ್ಯಾಂಕಿನ ಮೈಗಿಂತ ಸ್ವಲ್ಪ ಎತ್ತರಕ್ಕೆ ಕೂತಿರುತ್ತದೆ. ಹಾಗಾಗಿ ಅಕ್ಷರದ ಅಂಚಿನ ಮೇಲೆ ಲ್ಯಾಕರ್ ಎಲ್ಲಕ್ಕಿಂತ ತೆಳುವು, ಉಜ್ಜಿದರೆ ಮೊದಲು ಹರಿಯುವುದು ಅಲ್ಲೇ. ಲ್ಯಾಕರಿನ ಒಟ್ಟು ದಪ್ಪವೇ ಸಾಮಾನ್ಯವಾಗಿ 50 ಮೈಕ್ರಾನಿನ ಆಸುಪಾಸು. ನಾವು ಪ್ರಿಂಟ್ ತೆಗೆಯುವ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ಅರ್ಧ ಹಾಳೆಯಷ್ಟು ಜಾಗದಲ್ಲಿ ತಪ್ಪೆಲ್ಲ ತೆಗೆಯಬೇಕು, ಕೆಳಗೆ ಮುಟ್ಟಬಾರದು. ಅಧ್ಯಾಯ ತಿದ್ದುವಾಗ ಹಳೆಯ ಕರಡು ಕಂಪ್ಯೂಟರಿನಲ್ಲಿ ಎಲ್ಲೋ ಉಳಿದಿರುತ್ತದೆ. ಇಲ್ಲಿ ಹಾಗಿಲ್ಲ.

ಇಳಿದು ನಿಂತ ಗೆರೆಯನ್ನು ಬ್ಲೇಡು ನೆಟ್ಟಗೆ ಹಿಡಿದು ಕೆರೆದರು, ಪೆನ್ಸಿಲಿನ ತಪ್ಪನ್ನು ಕೆರೆದ ಹಾಗೆ. ಆಮೇಲೆ ಬೆರಳಗಲದ ಮರದ ತುಂಡಿಗೆ 1000 ನಂಬರಿನ ವಾಟರ್ ಪೇಪರ್ ಸುತ್ತಿ, ಸೋಪಿನ ನೀರು ಹಾಕುತ್ತಾ ಉಜ್ಜಿದರು. “ಬರೇ ಬೆರಳಲೆ ಉಜ್ಜಿದ್ರ ಬೆರಳಿನ ಗುಂಡಿ ಬೀಳ್ತದ” ಅಂದರು. ನೀರು ಹಾಲಿನಂತೆ ಬಿಳಿಯಾಗಿ ಇಳಿಯಿತು. “ಬಿಳೀ ಬರೂತನಕ ಲ್ಯಾಕರ್. ಹಳದಿ ಬಂತಂದ್ರ ನಿಮ್ ಕಾಕಾ.” ಕಾಕಾನ ವಿಷಯ ನಾನು ಯಾವಾಗ ಹೇಳಿದ್ದೆನೋ ನೆನಪಿಲ್ಲ.

ನಾನು ಪ್ರತಿ ಸಲ ಬಗ್ಗಿ ನೋಡುತ್ತಿದ್ದುದು ಅವರಿಗೆ ಕಿರಿಕಿರಿಯಾಗಿರಬೇಕು. “ಹೋಗಿ ಕೋಟಿ ನೋಡ್ಕೊಂಡ್ ಬಾ” ಎಂದು ಅಟ್ಟಿದರು. ಹೋದೆ. ಕೋಟೆ ಗೋಡೆಯ ಆ ಉದ್ದನೆಯ ಕಲ್ಲು, 1294ರ ತೆಲುಗು ಶಾಸನ, ಎಷ್ಟೋ ಸಲ ನೋಡಿದ್ದು. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಅವು ಒಳಗೆ ಕೊರೆದ ಅಕ್ಷರಗಳು, ಮೇಲಿಂದ ಎಷ್ಟು ಸವೆದರೂ ತಳದಲ್ಲಿ ಉಳಿದಿರುತ್ತವೆ. ಕಾಕಾನವು ಮೇಲೆ ಕೂತವು. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಆಗಲಿಲ್ಲ.

ವಾಪಸು ಬಂದಾಗ ಟೇಪ್ ಬಿಚ್ಚಿದ್ದರು. ‘ಶ’ದ ಮೇಲಿನ ಗೆರೆ ಇರಲಿಲ್ಲ. ಇಡೀ ಟ್ಯಾಂಕು ಮಂಕಾಗಿ, ಬೂದಿ ಸವರಿದಂತೆ ಇತ್ತು. 1500, ಆಮೇಲೆ 2000 ಪೇಪರಿನ ಗೀರುಗಳು ಅವು. ಕಂಪೌಂಡ್ ಹಚ್ಚಿ ಮೆಷಿನ್ ತಿರುಗಿಸಿದಾಗ ಹೊಳಪು ಎದ್ದು ಬಂತು. ಅಕ್ಷರದ ಹತ್ತಿರ ಮಾತ್ರ ಮೆಷಿನ್ ಬಿಟ್ಟು ಬಟ್ಟೆಯಿಂದ ಕೈಯಲ್ಲೇ ತಿಕ್ಕಿದರು. ಮೆಷಿನ್ನಿನ ಬಿಸಿಗೆ ಅಂಚು ಸುಡುತ್ತದಂತೆ.

‘ವ’ದ ಗುಳ್ಳೆಗಳನ್ನು ಅವರು ಮುಟ್ಟಿರಲಿಲ್ಲ. ಉಜ್ಜಿದರೆ ಗುಳ್ಳೆಯ ನೆತ್ತಿ ಒಡೆದು ಗುಂಡಿಯಾಗುತ್ತದೆ, ಗುಂಡಿ ತುಂಬಲು ಮತ್ತೆ ಲ್ಯಾಕರ್, ಮತ್ತೆ ಎನಾಮೆಲ್ಲಿನ ಭಯ. ‘ಕ’ದ ಬಳಿ ಧೂಳಿನ ಎರಡು ಕಾಳುಗಳೂ ಉಳಿದಿದ್ದವು, ಅಂಚಿಗೇ ಅಂಟಿಕೊಂಡು. ನಾನು ಬೆರಳಿಟ್ಟು ತೋರಿಸಿದೆ. “ಕಂಡಾವು. ಬಿಟ್ಟೀನಿ” ಅಂದರು. ಕೂಲಿ ಮುನ್ನೂರು ಹೇಳಿದರು. ಐನೂರು ಕೊಟ್ಟರೆ ಚಿಲ್ಲರೆ ಎಣಿಸಿ ವಾಪಸು ಕೊಟ್ಟರು.

ಮುಂದಿನ ಭಾನುವಾರ ದೇವದುರ್ಗಕ್ಕೆ ಹೋದೆ. ಕಾಕಾ ಕಟ್ಟೆಯಿಂದ ಎದ್ದು ಬಂದು ಬೈಕಿನ ಪಕ್ಕ ನಿಂತ. ಅವನಿಗೆ ಈಗ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಹೋದ. ‘ವ’ದ ಮೇಲೆ ಬೆರಳು ತಡೆಯಿತು, ಏನೂ ಅನ್ನಲಿಲ್ಲ. ‘ಕ’ದ ಹತ್ತಿರ ನಿಂತೇಬಿಟ್ಟ.

“ಇದೇನೋ?”

“ಭತ್ತದ ಧೂಳು, ಕಾಕಾ.”

“ಎಂಟ್ ದಿನ ಬಿಡಲಿಲ್ಲ ನೀ” ಅಂದ. ಬೆರಳನ್ನು ಅಲ್ಲಿಂದ ಎತ್ತದೆ, ಇನ್ನೊಮ್ಮೆ ತಡವಿ, “ಮಾನ್ವೀದೇನು?” ಅಂತ ಕೇಳಿದ.