ಆಟದ ಯಂತ್ರವೂ ಅನ್ವಯವ್ಯತಿರೇಕವೂ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ವಿಶ್ರಾಂತರಾದ ನಾವು ಕಂಪ್ಯೂಟರಿನ ಆಟದ ವಿಷಯವಾಗಿ ಲೇಖನಿ ಹಿಡಿದಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಆದರೆ ಮಕ್ಕಳಿರುವ ಮನೆಗಳಲ್ಲಿ ಇದು ಇಂದು ನಿತ್ಯದ ವಿಷಯವಾಗಿದೆ; ಮೇಲಾಗಿ ನಮ್ಮ ಮನೆಯಲ್ಲಿ ಅದರೊಡನೆ ಬೇರೊಂದು ಸಂಗತಿಯೂ ಹೆಣೆದುಕೊಂಡಿತ್ತು.

ನಮ್ಮ ಮಗಳು ೨೦೨೫ರ ಸೆಪ್ಟೆಂಬರಿನಲ್ಲಿ ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಡುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ತಮ್ಮನಿಗೆ ಬಿಟ್ಟುಹೋದಳು. ಅದರಲ್ಲಿದ್ದ ವಿಂಡೋಸ್ ೧೦ಕ್ಕೆ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವು ಮುಗಿಯಲಿದ್ದಿತು. ಅದರ ಮುಂದಿನ ೧೧ಕ್ಕೆ ಬೇಕಾದ ಅರ್ಹತೆ ಆ ಯಂತ್ರಕ್ಕಿರಲಿಲ್ಲ. ಆದಕಾರಣ ಅವಳೇ ಅದರಲ್ಲಿ ಲಿನಕ್ಸನ್ನು ಸ್ಥಾಪಿಸಿ ಕೊಟ್ಟಳು. ಅಂದಿನಿಂದ ಪ್ರತಿ ಭಾನುವಾರ ಅಕ್ಕತಮ್ಮಂದಿರು ಮೋಟಾರು ಪಂದ್ಯದ ಆಟವೊಂದನ್ನು ಕೂಡಿ ಆಡುವುದು ವಾಡಿಕೆಯಾಯಿತು. ಚಳಿಗಾಲದಲ್ಲಿ ನಮಗೆ ರಾತ್ರಿ ಒಂಬತ್ತಾದರೆ ಅಲ್ಲಿ ಸಾಯಂಕಾಲ ನಾಲ್ಕೂವರೆ. ನಮ್ಮೊಡನೆ ಫೋನಿನಲ್ಲಿ ‘ಊಟವಾಯಿತು, ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳಿ ಮುಗಿಸುವ ಹುಡುಗಿ ಆಟದ ನಡುವೆ ತಮ್ಮನೊಡನೆ ತನ್ನ ಒಂಟಿತನವನ್ನೂ ಪರೀಕ್ಷೆಯ ಭಯವನ್ನೂ ಹೇಳಿಕೊಳ್ಳುತ್ತಿದ್ದಳೆಂಬುದು ಪಕ್ಕದ ಕೋಣೆಯಲ್ಲಿರುವ ನಮಗೆ ತಿಳಿಯದೆ ಇರಲಿಲ್ಲ.

ಜನವರಿಯಲ್ಲಿ ಆಟ ಕುಂಟತೊಡಗಿತು. ತಿರುವು ಬಂದಿತೆಂದರೆ ಮೋಟಾರು ನಿಂತು ನಿಂತು ಹಾರುವುದು. ಅಷ್ಟರಲ್ಲಿ ಅಕ್ಕ ಗುರಿ ಮುಟ್ಟಿ ಕಾದಿರುವುದು. ಮೂರನೆಯ ಭಾನುವಾರ ಮಗನು, “ಅಪ್ಪಾ, ಇನ್ನು ಆಡುವುದಿಲ್ಲ. ಅಕ್ಕನಿಗೂ ಬೇಸರವಾಗುತ್ತದೆ” ಎಂದು ಯಂತ್ರವನ್ನು ಮುಚ್ಚಿಟ್ಟನು. ಅಂಗಡಿಯವರೊಬ್ಬರು ಹೊಸದಕ್ಕೆ ಎಪ್ಪತ್ತು ಸಾವಿರ ರೂಪಾಯಿ ಹೇಳಿದರು. ನೆರೆಯ ಮಿತ್ರರೊಬ್ಬರು, “ವಿಂಡೋಸಿನ ಆಟ ಲಿನಕ್ಸಿನಲ್ಲಿ ಹೇಗೆ ನಡೆದೀತು, ಮೇಷ್ಟ್ರೆ? ತರ್ಜುಮೆಯೆಂದಮೇಲೆ ನಿಧಾನವೇ ಸರಿ” ಎಂದರು.

ಈ ಕಡೆಯ ಮಾತು ನಮಗೆ ಸಾಧುವೆಂದು ತೋರಲಿಲ್ಲ. ವಿಂಡೋಸಿಗಾಗಿ ರಚಿತವಾದುದನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ತಂತ್ರವು ೧೯೯೩ರಲ್ಲಿ ಆರಂಭವಾಯಿತು. ‘ವೈನ್ ಎಮ್ಯುಲೇಟರ್ ಅಲ್ಲ’ ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೇ ಅದರ ಹೆಸರು. (ತನ್ನನ್ನು ವಿವರಿಸಲು ತನ್ನನ್ನೇ ಹೇಳಿಕೊಳ್ಳುವ ಈ ಹೆಸರಿಗೆ ನಮ್ಮ ತಾರ್ಕಿಕರು ಆತ್ಮಾಶ್ರಯದೋಷವನ್ನು ಹೇಳದೆ ಬಿಡರು.) ಆಟದ ಲೆಕ್ಕಾಚಾರವೆಲ್ಲ ಪ್ರೊಸೆಸರಿನ ಮೇಲೆ ನೇರವಾಗಿಯೇ ನಡೆಯುತ್ತದೆ. ‘ಈ ಕಡತವನ್ನು ತೆರೆ’ ಎಂದು ಆಟವು ವಿಂಡೋಸನ್ನು ಕರೆದಾಗ ಮಾತ್ರ ವೈನ್ ದುಭಾಷಿಯಂತೆ ನಡುವೆ ಬಂದು ಲಿನಕ್ಸಿನಿಂದ ಕೆಲಸವನ್ನು ಮಾಡಿಸುತ್ತದೆ. ೨೦೧೮ರಲ್ಲಿ ವಾಲ್ವ್ ಸಂಸ್ಥೆಯವರು ಇದಕ್ಕೆ ಬೇರೆ ಕೆಲವನ್ನು ಕೂಡಿಸಿ ಪ್ರೋಟಾನ್ ಎಂಬುದನ್ನು ಹೊರತಂದರು. ಅದರೊಳಗಿನ ಡಿಎಕ್ಸ್‌ವಿಕೆ ಎಂಬ ಭಾಗವು, ವಿಂಡೋಸಿನ ಡೈರೆಕ್ಟ್‌ತ್ರೀಡಿ ಮಾತಿನಲ್ಲಿರುವ ಚಿತ್ರದ ಆಜ್ಞೆಗಳನ್ನು ವಲ್ಕನ್ ಎಂಬ ಮಾತಿಗೆ ತಿರುಗಿಸುತ್ತದೆ. ಅನೇಕ ಆಟಗಳು ಹೀಗೆ ವಿಂಡೋಸಿನಲ್ಲಿ ನಡೆಯುವ ವೇಗದ ಸಮೀಪದಲ್ಲಿಯೇ ನಡೆಯುತ್ತವೆ. ಅದೂ ಹೋಗಲಿ; ಇದೇ ಯಂತ್ರದಲ್ಲಿ ಇದೇ ಆಟವು ಡಿಸೆಂಬರಿನವರೆಗೆ ಚೆನ್ನಾಗಿ ನಡೆದಿತ್ತಷ್ಟೆ. ದುಭಾಷಿ ಅಂದೂ ಇದ್ದನು, ಇಂದೂ ಇದ್ದಾನೆ. ಎರಡು ಕಾಲಕ್ಕೂ ಸಮಾನವಾಗಿರುವುದು ಒಂದು ಕಾಲದ ದೋಷಕ್ಕೆ ಕಾರಣವಾಗುವುದೆಂತು?

ಮಗನು ಅಲ್ಲಲ್ಲಿ ಕೇಳಿಬಂದ ಆರೇಳು ಮದ್ದುಗಳನ್ನು ಒಟ್ಟಿಗೆ ಪ್ರಯೋಗಿಸಲು ಹೊರಟಿದ್ದನು. ನಾವು ತಡೆದೆವು. ಹಾಗೆ ಮಾಡಿ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಕಾಕತಾಲೀಯವಾಗುತ್ತದೆ. ಯಾವುದಿದ್ದರೆ ಕಾರ್ಯವಿರುವುದೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ, ಅದನ್ನು ಅನ್ವಯದಿಂದಲೂ ವ್ಯತಿರೇಕದಿಂದಲೂ ಹಿಡಿಯಬೇಕು. ಅದಕ್ಕಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮೊದಲು ಅಳತೆ. ಮ್ಯಾಂಗೋಹಡ್ ಎಂಬ ಸಣ್ಣ ಸಾಧನವನ್ನು ಮಗನು ಹಾಕಿದನು. ಅದು ಆಟದ ಮೂಲೆಯಲ್ಲಿ ಅಂಕಿಗಳನ್ನು ತೋರಿಸುತ್ತದೆ. ಸೆಕೆಂಡಿಗೆ ೬೦ ಚಿತ್ರಗಳು ಬರಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು. ನಮ್ಮಲ್ಲಿ ಬರುತ್ತಿದ್ದುದು ೧೪ ಚಿತ್ರಗಳು. ಆ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆಯುವ ಭಾಗಗಳು ಎರಡಿವೆ. ಪ್ರೊಸೆಸರಿನೊಳಗೇ ಅಡಗಿರುವ ದುರ್ಬಲವಾದುದೊಂದು, ಪ್ರತ್ಯೇಕವಾಗಿರುವ ಬಲವಾದುದೊಂದು. ಮೂಲೆಯಲ್ಲಿ ಕಂಡದ್ದು ದುರ್ಬಲವಾದುದರ ಹೆಸರು. ಅದರ ಮೇಲಿನ ಹೊರೆ ನೂರಕ್ಕೆ ೯೯. ಎತ್ತು ಕೊಟ್ಟಿಗೆಯಲ್ಲಿ ಮಲಗಿತ್ತು, ಕರು ನೊಗವನ್ನು ಹೊತ್ತಿತ್ತು.

ಎತ್ತು ಏಳದಿರುವುದಕ್ಕೆ ಕಾರಣವೇನು? ಡಿಸೆಂಬರಿಗೂ ಜನವರಿಗೂ ನಡುವೆ ಏನು ಬದಲಾಯಿತೆಂದು ನೋಡಲಾಗಿ, ಲಿನಕ್ಸಿನ ತಿರುಳಾದ ಕರ್ನೆಲ್ ಹೊಸದಾಗಿತ್ತೆಂದು ತಿಳಿದುಬಂದಿತು. ಹೊಸದು ಬಂದರೂ ಹಳೆಯದು ಒಡನೆ ಅಳಿಯುವುದಿಲ್ಲ. ಯಂತ್ರವು ಆರಂಭವಾಗುವಾಗ ತೋರುವ ಪಟ್ಟಿಯಲ್ಲಿ ಅದನ್ನು ಆರಿಸಿಕೊಳ್ಳಬಹುದು. ಹಳೆಯದರಿಂದ ಆರಂಭಿಸಿದೆವು: ೬೦. ಹೊಸದರಿಂದ: ೧೪. ಮರಳಿ ಹಳೆಯದರಿಂದ: ೬೦. ನಡುವೆ ಬೇರೇನನ್ನೂ ಮುಟ್ಟಲಿಲ್ಲ. ಮಗನ ಮುಖವನ್ನು ಆಗ ನೋಡಬೇಕಾಗಿತ್ತು. ತರ್ಕಸಂಗ್ರಹದ ಹೆಸರೆತ್ತಿದರೆ ಆಕಳಿಸುವ ಹುಡುಗ ತಾನೇ, “ವ್ಯತಿರೇಕವೂ ಆಯಿತಲ್ಲವೆ, ಅಪ್ಪಾ?” ಎಂದನು.

ಉಳಿದುದನ್ನು ಮಗಳು ಅಲ್ಲಿಂದಲೇ ಬಿಡಿಸಿ ಹೇಳಿದಳು. ಬಲವಾದ ಭಾಗವನ್ನು ನಡೆಸುವ ಡ್ರೈವರ್ ನಮ್ಮ ಯಂತ್ರದಲ್ಲಿ ಕರ್ನೆಲ್ಲಿನ ಹೊರಗಿನದು. ಪ್ರತಿಯೊಂದು ಹೊಸ ಕರ್ನೆಲ್ಲಿಗೂ ಅದನ್ನು ಮತ್ತೆ ಕಟ್ಟಬೇಕು. ಡಿಕೆಎಂಎಸ್ ಎಂಬ ವ್ಯವಸ್ಥೆಯು ಅದನ್ನು ತಾನಾಗಿಯೇ ಕಟ್ಟುತ್ತದೆ; ಆದರೆ ಆ ಕರ್ನೆಲ್ಲಿಗೆ ಸಂಬಂಧಪಟ್ಟ ಹೆಡರ್ ಕಡತಗಳು ಅದಕ್ಕೆ ದೊರೆಯಬೇಕು. ಈ ಸಲ ಅವು ಬಂದಿರಲಿಲ್ಲ. ಡ್ರೈವರ್ ಇಲ್ಲವಾಗಲು ಆಟವು ಸದ್ದಿಲ್ಲದೆ ದುರ್ಬಲವಾದುದರ ಕಡೆಗೆ ತಿರುಗಿಕೊಂಡಿತ್ತು. ತೆರೆಯ ಮೇಲೆ ಒಂದು ಎಚ್ಚರಿಕೆಯ ಮಾತಾದರೂ ಬಂದಿದ್ದರೆ ಮೂರು ಭಾನುವಾರಗಳು ಉಳಿಯುತ್ತಿದ್ದವು. ಇದನ್ನು ನಾವು ನ್ಯೂನತೆಯೆಂದೇ ಎಣಿಸುತ್ತೇವೆ. ಹೆಡರುಗಳನ್ನು ತರಿಸಿ ಡ್ರೈವರನ್ನು ಕಟ್ಟಿಸಿದಮೇಲೆ ಹೊಸ ಕರ್ನೆಲ್ಲಿನಲ್ಲಿಯೂ ೬೦ ಬಂದಿತು. ಡ್ರೈವರು ಕರ್ನೆಲ್ಲಿನಲ್ಲಿಯೇ ಸೇರಿ ಬರುವ ಯಂತ್ರಗಳಿಗೆ ಈ ತೊಡಕಿಲ್ಲ.

ಬಳಿಕ ಅಕ್ಕ ಆರಿಸಿದ ಹೊಸ ಪಥವೊಂದರಲ್ಲಿ ಆಟ ಅಲ್ಲಲ್ಲಿ ಎಡವಿತು. ಇದು ಬೇರೆಯ ಜಾತಿ. ಬೆಳಕು ಬಣ್ಣಗಳನ್ನು ಎಣಿಸುವ ಶೇಡರ್ ಎಂಬ ಸಣ್ಣ ಸಣ್ಣ ಕ್ರಮವಿಧಿಗಳು ಮೊದಲ ಸಲ ಎದುರಾದಾಗ ಆ ಯಂತ್ರಕ್ಕೆ ತಕ್ಕಂತೆ ಸಿದ್ಧವಾಗಬೇಕು. ಸಿದ್ಧವಾದುದನ್ನು ಯಂತ್ರವು ಕೂಡಿಟ್ಟುಕೊಳ್ಳುತ್ತದೆ. ಎರಡು ಮೂರು ಸುತ್ತುಗಳಲ್ಲಿ ಎಡವುವುದು ನಿಂತಿತು. ಚಾರ್ಜರು ಹಾಕದೆ ಆಡಿದರೂ ವೇಗ ಇಳಿಯುವುದುಂಟು. ಅದನ್ನು ಮಕ್ಕಳೇ ಬಲ್ಲರು.

ಮೋಸದಾಟವನ್ನು ತಡೆಯಲೆಂದು ಕಾವಲು ತಂತ್ರವನ್ನಿಟ್ಟಿರುವ ಕೆಲವು ಆಟಗಳು ಲಿನಕ್ಸಿನಲ್ಲಿ ಆಡಲು ಬಿಡುವುದೇ ಇಲ್ಲ. ಅವುಗಳಿಗೆ ಈ ಪರೀಕ್ಷೆಗಳಿಂದ ಪ್ರಯೋಜನವಿಲ್ಲ. ಆಟವನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ನಮ್ಮ ಮಕ್ಕಳದು ಆ ಬಗೆಯದಲ್ಲ. ಕಳೆದ ಭಾನುವಾರ ಹನ್ನೊಂದು ಪಂದ್ಯಗಳು ನಡೆದುವಂತೆ. ಒಂಬತ್ತನ್ನು ಅಕ್ಕನೇ ಗೆದ್ದಳು.