ಡಿಸೆಂಬರ್ 29ರ ತಕರಾರು

ಡಿಸೆಂಬರ್ ಎರಡನೇ ವಾರ ಬಂತೆಂದರೆ ಪುರವಣಿಯ ಹುಡುಗನ ಫೋನು ಬರುತ್ತದೆ. ‘ಹಿನ್ನೋಟ ಎಲ್ಲಿಗೆ ಬಂತು ಸಾರ್?’ ವರ್ಷಕ್ಕೆ ಇನ್ನೂ ಎರಡು ಶುಕ್ರವಾರ ಆಯುಸ್ಸಿರುವಾಗಲೇ ಅದರ ತಿಥಿ ಊಟಕ್ಕೆ ಎಲೆ ಹಾಕುವ ಕೆಲಸವಿದು. ವಿಶೇಷ ಪುಟಗಳು ಮೊದಲೇ ಅಚ್ಚಿಗೆ ಹೋಗಬೇಕು, ಪತ್ರಿಕೆಯ ಕಷ್ಟ ಪತ್ರಿಕೆಗೆ.

ಆದರೆ ಕನ್ನಡ ಚಿತ್ರರಂಗಕ್ಕೂ ಒಂದು ಹಟವಿದ್ದ ಹಾಗಿದೆ. ‘ನಾಗರಹಾವು’ ತೆರೆಕಂಡದ್ದು 1972ರ ಡಿಸೆಂಬರ್ 29ಕ್ಕೆ. ‘ಮುಂಗಾರು ಮಳೆ’ 2006ರ ಡಿಸೆಂಬರ್ 29ಕ್ಕೆ. ‘ಕಾಟೇರ’ 2023ರ ಡಿಸೆಂಬರ್ 29ಕ್ಕೆ. ಮೂರೂ ಶುಕ್ರವಾರವೇ. ಮುಹೂರ್ತಕ್ಕೆ ಗಳಿಗೆ ನೋಡಿ ತೆಂಗಿನಕಾಯಿ ಒಡೆಯುವ ಗಾಂಧಿನಗರ ಈ ತಾರೀಖನ್ನು ಇನ್ನೂ ಯಾಕೆ ಮುಂಗಡ ಕಾದಿರಿಸಿಲ್ಲವೋ!

1972ರ ಡಿಸೆಂಬರ್ ಮಧ್ಯದಲ್ಲಿ ಕೂತು ಹಿನ್ನೋಟ ಬರೆಯುವವನನ್ನು ಊಹಿಸಿಕೊಳ್ಳುತ್ತೇನೆ. ಅವನ ಕೆಲಸ ಸಲೀಸು. ‘ಬಂಗಾರದ ಮನುಷ್ಯ’ ಮಾರ್ಚ್ ಕೊನೆಗೆ ಬಂದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಿಂದ ಕದಲದೆ ಕೂತಿದೆ. ಇದು ರಾಜ್‌ಕುಮಾರ್ ವರ್ಷ, ಸಿದ್ದಲಿಂಗಯ್ಯನವರ ವರ್ಷ ಎಂದು ಬರೆದು ಪೆನ್ನು ಮುಚ್ಚಿದರೆ ಯಾರೂ ತಪ್ಪು ಹುಡುಕಲಾರರು. ಆಮೇಲೆ, ವರ್ಷ ಮುಗಿಯಲು ಮೂರು ದಿನವಿರುವಾಗ, ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದ ಕಲ್ಲುಕೋಟೆಯಿಂದ ರಾಮಾಚಾರಿಯನ್ನು ಇಳಿಸಿ ತರುತ್ತಾರೆ. ಜೊತೆಗೆ ಸೈಕಲ್ ತುಳಿಯುತ್ತಾ ಜಲೀಲ ಬೇರೆ. ವಿಷ್ಣುವರ್ಧನ್, ಅಂಬರೀಷ್ ಇಬ್ಬರೂ ಒಂದೇ ಮಧ್ಯಾಹ್ನ ಕನ್ನಡಿಗರ ಮನೆಮಾತಾಗಲು ಹೊರಟದ್ದು, ಹಿನ್ನೋಟದ ಪುಟ ಓದಿಯಾದ ಮೇಲೆ!

ನನಗೆ ‘ನಾಗರಹಾವು’ 1972ರ ಸಿನಿಮಾ ಎಂದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆಯೇ. ನಮ್ಮೂರಿನ ಟೆಂಟಿನಲ್ಲಿ ಸಿನಿಮಾಗಳಿಗೆ ಇಸವಿ ಇರಲಿಲ್ಲ. ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರದಲ್ಲಿ ಓಡಿ, ತಾಲ್ಲೂಕಿನಲ್ಲಿ ಕುಂಟಿ, ಮೈತುಂಬಾ ಗೀರು ಬಿದ್ದ ರೀಲು ನಮ್ಮಲ್ಲಿಗೆ ಬರುತ್ತಿತ್ತು. ಎತ್ತಿನಗಾಡಿಗೆ ಪೋಸ್ಟರ್ ಕಟ್ಟಿ ಊರು ಸುತ್ತಿಸಿದ ದಿನವೇ ನಮಗೆ ಬಿಡುಗಡೆ. ಮೈಕಿನಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ಮುಗಿಯುವುದರೊಳಗೆ ಓಡಿಹೋಗಿ ಮರಳಿನ ಮೇಲೆ ಜಾಗ ಹಿಡಿಯಬೇಕು. ಚಾಮಯ್ಯ ಮೇಷ್ಟ್ರಿಗಾಗಿ ಅತ್ತ ನಮ್ಮ ಅಜ್ಜಿಗೆ ಅದು ಹಳೇ ಸಿನಿಮಾ ಎಂದು ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವಳು ಕಡಿಮೆ ಅಳುತ್ತಿರಲಿಲ್ಲ. ಅದೇ ಚಿತ್ರ 2018ರ ಜುಲೈನಲ್ಲಿ ಡಿಜಿಟಲ್ ಹೊಳಪು ಪಡೆದು ಮತ್ತೆ ತೆರೆಗೆ ಬಂದಾಗ ಆ ವರ್ಷದ ಪಟ್ಟಿಗೆ ಸೇರಿಸೋಣವೆಂದೆ. ‘ಹಳೇದು ಯಾಕೆ ಸಾರ್?’ ಎಂದರು. ಅಜ್ಜಿ ಇದ್ದಿದ್ದರೆ ನನ್ನ ಪಕ್ಷ ವಹಿಸುತ್ತಿದ್ದಳು.

‘ಮುಂಗಾರು ಮಳೆ’ಯ ಕಥೆಯಂತೂ ಹೇಳಲೇಬೇಕು. 2006ರ ನನ್ನ ಪುಟ ಛಾಪಾಗಿ ಜನರ ಮನೆ ತಲುಪುವ ಹೊತ್ತಿಗೆ ಆ ಚಿತ್ರ ಬಂತು. ಯೋಗರಾಜ ಭಟ್ಟರಿಗೆ ಅಂಥ ಹೆಸರಿರಲಿಲ್ಲ, ಗಣೇಶ್ ಟಿ.ವಿ.ಯಿಂದ ಬಂದ ಹುಡುಗ, ತೆರೆಯ ತುಂಬ ಮಳೆ, ನಾಯಕನ ಕಷ್ಟಸುಖ ಕೇಳಲು ಒಂದು ಮೊಲ. ಕೊನೆಗೆ ಹುಡುಗಿಯೂ ಸಿಗುವುದಿಲ್ಲ. ಇಷ್ಟಿಟ್ಟುಕೊಂಡು ಅದು ವರ್ಷ ದಾಟಿ ಓಡಿತು. ಜಯಂತ ಕಾಯ್ಕಿಣಿಯವರ ಸಾಲುಗಳು ಆಟೋಗಳ ಬೆನ್ನ ಮೇಲೆ ಬಂದವು. ಮರು ಡಿಸೆಂಬರಿನಲ್ಲಿ 2007ರ ಹಿನ್ನೋಟ ಬರೆಯಲು ಕೂತರೆ ಜನರ ಬಾಯಲ್ಲಿದ್ದದ್ದು ಅದೊಂದೇ ಚಿತ್ರ. ಆದರೆ ಅದು 2007ರದಲ್ಲ. 2006ರ ಪುಟದಲ್ಲೂ ಇಲ್ಲ. ಕನ್ನಡದ ದೊಡ್ಡ ಹಿಟ್ಟೊಂದು ನನ್ನ ಎರಡು ಪುಟಗಳ ನಡುವಿನ ಸಂದಿಯಲ್ಲಿ ಆರಾಮವಾಗಿ ಕೂತಿತ್ತು.

ಸರ್ಕಾರಕ್ಕೆ ಈ ಪೇಚಾಟವಿರಲಿಲ್ಲ. ರಾಜ್ಯ ಪ್ರಶಸ್ತಿಗಳನ್ನು ಆಗ 1972-73ನೇ ಸಾಲು, 2006-07ನೇ ಸಾಲು ಎಂದು ಲೆಕ್ಕ ಹಿಡಿಯುತ್ತಿದ್ದರು, ಬಜೆಟ್ಟಿನ ಹಾಗೆ. ಡಿಸೆಂಬರ್ ನಡುವೆ ಸಿಕ್ಕಿ ಸುರಕ್ಷಿತವಾಗಿ ಉಳಿಯುತ್ತಿತ್ತು. ರಾಷ್ಟ್ರಪ್ರಶಸ್ತಿಯವರ ದಾರಿಯೇ ಬೇರೆ. ಅವರಿಗೆ ಬೇಕಾದದ್ದು ಸೆನ್ಸಾರ್ ಸರ್ಟಿಫಿಕೇಟಿನ ತಾರೀಖು. ಜನ ಯಾವಾಗ ನೋಡಿದರು ಎಂಬುದಲ್ಲ. 2022ರ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ ಎಂದು ಘೋಷಣೆಯಾಗಿದ್ದು 2024ರ ಆಗಸ್ಟಿನಲ್ಲಿ. ಹೀಗೆ ಎಲ್ಲರೂ ಅವರವರ ಪಂಚಾಂಗ ಇಟ್ಟುಕೊಂಡಿದ್ದಾರೆ. ಅವುಗಳಲ್ಲಿ ನಮ್ಮ ಟೆಂಟಿನ ಪಂಚಾಂಗವೇ ಸರಿ ಎಂಬುದು ನನ್ನ ಅಭಿಪ್ರಾಯ: ನೋಡಿದ ದಿನವೇ ಬಿಡುಗಡೆ.

ಈಗ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತವೆ ಎನ್ನುವುದಕ್ಕಿಂತ ಹೋಗುತ್ತವೆ ಎನ್ನುವುದೇ ಸರಿ. ಶುಕ್ರವಾರ ಬಂದದ್ದಕ್ಕೆ ಸೋಮವಾರ ಶೋ ಕಡಿತ, ನನ್ನ ವಿಮರ್ಶೆ ಓದಿ ಹೊರಟವನಿಗೆ ಆ ಪರದೆಯಲ್ಲಿ ತೆಲುಗು ಚಿತ್ರ. ಹೊಸಬರ ಎಷ್ಟೋ ಒಳ್ಳೆಯ ಚಿತ್ರಗಳನ್ನು ಹತ್ತು ಜನರ ನಡುವೆ ಕೂತು ನೋಡಿದ್ದೇನೆ, ಅದರಲ್ಲಿ ಆರು ಮಂದಿ ನಿರ್ದೇಶಕರ ನೆಂಟರು. ಅವೇ ಚಿತ್ರಗಳು ಮುಂದಿನ ಮಳೆಗಾಲಕ್ಕೆ ಓಟಿಟಿಯಲ್ಲಿ ಬಂದಾಗ ‘ಇದನ್ನ ಯಾಕೆ ಸಾರ್ ಮೊದಲೇ ಹೇಳಲಿಲ್ಲ?’ ಎಂದು ನನ್ನನ್ನೇ ಕೇಳುತ್ತಾರೆ. ಹೇಳಿದ್ದೆ. ಆ ಪೇಪರಿನಲ್ಲಿ ಅಷ್ಟರೊಳಗೆ ಯಾರೋ ಬೋಂಡಾ ಕಟ್ಟಿಕೊಂಡು ಹೋಗಿದ್ದರು.

ಈ ಸಲ ಪುರವಣಿಯ ಹುಡುಗನಿಗೆ ಒಂದೇ ಒಂದು ಬೇಡಿಕೆಯಿಟ್ಟೆ. ‘ಪುಟದ ಕೆಳಗೆ ನಾಲ್ಕು ಸಾಲಿನ ಜಾಗ ಖಾಲಿ ಬಿಡಪ್ಪ, ಕೊನೇ ಶುಕ್ರವಾರ ಏನಾದರೂ ಬಂದರೆ ಓದುಗರೇ ಬರೆದುಕೊಳ್ಳಲಿ.’ ಬಹಳ ಒಳ್ಳೆಯ ಐಡಿಯಾ ಎಂದ. ಜಾಗವನ್ನೂ ಬಿಟ್ಟಿದ್ದ. ಜಾಹೀರಾತು ವಿಭಾಗದವರು ಅಲ್ಲಿಗೆ ಪ್ರೆಷರ್ ಕುಕ್ಕರ್ ಒಂದನ್ನು ಬಿಡುಗಡೆ ಮಾಡಿದರು.