ಐನೂರ ಇಪ್ಪತ್ತೈದಾ, ಎಪ್ಪತ್ತೈದಾ?

ನಮ್ಮ ಕಾಲೇಜಿನ ಆಫ್‌ರೋಡ್ ಗಾಡಿ ಟೀಮ್‌ನಲ್ಲಿ ಚಾಸಿ ಕೆಲಸಕ್ಕೆ ನಾವು ನಾಲ್ಕು ಜನ. ಪೈಪ್ ಕಟ್ ಮಾಡಿಸೋಕೆ, ವೆಲ್ಡ್ ಮಾಡಿಸೋಕೆ ಅಂತ ಕಳೆದ ಸೆಮಿಸ್ಟರ್ ಪೂರ್ತಿ ಪೀಣ್ಯದ ಒಂದು ಸಣ್ಣ ಶೆಡ್‌ಗೆ ಓಡಾಡಿದೆವು. ಅಲ್ಲಿನ ವೆಲ್ಡರ್ ಅಣ್ಣ ಗದಗದ ಕಡೆಯವರು. 22 ವರ್ಷದಿಂದ ಇದೇ ಕೆಲಸ. ಅವರು ಹಾಕಿದ ವೆಲ್ಡ್ ಜಡೆ ಹೆಣೆದ ಹಾಗೆ ಒಂದೇ ಸಮ ಇರುತ್ತೆ. ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ನಾವು ಮಾಡಿದ ವೆಲ್ಡ್ ನೆನಪಾದರೆ ಈಗಲೂ ನಗು ಬರುತ್ತೆ.

ಒಂದು ದಿನ ಪಕ್ಕದಲ್ಲಿ ಗ್ರೈಂಡರ್ ಓಡ್ತಾ ಇತ್ತು. ನಾವು ಕೂಗಿ ಅಳತೆ ಹೇಳಿದೆವು: ಐನೂರ ಎಪ್ಪತ್ತೈದು. ಅವರು ತಲೆ ಆಡಿಸಿ ಐನೂರ ಇಪ್ಪತ್ತೈದಕ್ಕೆ ಕಟ್ ಮಾಡಿಬಿಟ್ಟರು. ಒಳ್ಳೆ ಪೈಪ್ ದಂಡವಾಯ್ತು. ನಮ್ಮಲ್ಲೊಬ್ಬ, "ಎಷ್ಟು ಸಲ ಹೇಳೋದಣ್ಣ, ಸ್ವಲ್ಪ ಗಮನ ಕೊಡಿ" ಅಂದ. ನಮಗಿಂತ ದುಪ್ಪಟ್ಟು ವಯಸ್ಸಿನವರು. ಏನೂ ಮಾತಾಡದೆ ಇನ್ನೊಂದು ಪೈಪ್ ತಗೊಂಡರು.

ಬಸ್ಸಲ್ಲಿ ವಾಪಸ್ ಬರುವಾಗ ನಮಗೆ ಒಂದೊಂದೇ ನೆನಪಾಗೋಕೆ ಶುರುವಾಯ್ತು. ಅವರ ಫೋನ್ ರಿಂಗ್ ಆದರೆ ಹೆಲ್ಪರ್ ಹುಡುಗ ಬಂದು ಭುಜ ತಟ್ಟಿ ಹೇಳ್ತಾನೆ. ನಾವು ಜೋಕ್ ಹೇಳಿದರೆ ಅವರು ನಮ್ಮ ಮುಖ ನೋಡಿಕೊಂಡು, ನಾವು ನಕ್ಕ ಮೇಲೆ ನಗ್ತಾರೆ. ಗಮನ ಕೊಡದೇ ಇದ್ದವರು ಅವರಲ್ಲ, ನಾವು.

ಮುಂದಿನ ವಾರ ಇ.ಸಿ. ಬ್ರಾಂಚ್‌ನ ಗೆಳೆಯನ ಹೆಡ್‌ಫೋನ್, ಫೋನಲ್ಲಿ ಟೋನ್ ಬರಿಸೋ ಒಂದು ಆ್ಯಪ್ ಹಿಡ್ಕೊಂಡು ಹೋದೆವು. ಊಟದ ಹೊತ್ತು, ಮೆಷಿನ್‌ಗಳೆಲ್ಲ ಬಂದ್. ಅಣ್ಣನಿಗೆ ಅದೊಂದು ಆಟ ಅನಿಸಿತು. 500 ಹರ್ಟ್ಸ್ ಕೇಳಿಸಿತು, 1000 ಕೇಳಿಸಿತು. 4000ಕ್ಕೆ ಬಂದಾಗ ಅವರು ಸುಮ್ಮನೆ ಕೂತಿದ್ದರು. ವಾಲ್ಯೂಮ್ ಏರಿಸ್ತಾ ಹೋದೆವು. "ಹಚ್ಚೀರೇನ್ ತಮ್ಮಾ?" ಅಂದರು. ಹೆಡ್‌ಫೋನಿನಿಂದ ಆಚೆ ಸೋರೋ ಶಬ್ದ ಪಕ್ಕದಲ್ಲಿದ್ದ ನಮಗೇ ಕೇಳಿಸ್ತಾ ಇತ್ತು.

ಇದು ಸರಿಯಾದ ಆಡಿಯೊಮೆಟ್ರಿ ಅಲ್ಲ ಅಂತ ನಮಗೆ ಗೊತ್ತಿತ್ತು. ಅದಕ್ಕೆ ಶಬ್ದ ಬರದ ಕೋಣೆ ಬೇಕು, ಅಳತೆ ಸರಿಮಾಡಿದ ಯಂತ್ರ ಬೇಕು. ಆದರೂ ಓದಿ ನೋಡಿದರೆ ಎಲ್ಲ ತಾಳೆಯಾಗ್ತಾ ಇತ್ತು. ಜೋರು ಶಬ್ದದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಮೊದಲು ಪೆಟ್ಟು ಬೀಳೋದು 4000 ಹರ್ಟ್ಸ್ ಆಸುಪಾಸಿನಲ್ಲೇ. ಆಗ ಧ್ವನಿ ಕೇಳುತ್ತೆ, ಮಾತು ಬಿಡಿಸಿ ತಿಳಿಯಲ್ಲ. ಸ, ಶ, ತ ಥರದ ವ್ಯಂಜನಗಳೇ ಮಸುಕಾಗ್ತವೆ. ನೋವಿಲ್ಲ, ರಕ್ತ ಇಲ್ಲ, ಹಾಗಾಗಿ ಯಾರೂ ಡಾಕ್ಟರ್ ಹತ್ತಿರ ಹೋಗಲ್ಲ. ನಮ್ಮಲ್ಲಿ ಕಾರ್ಖಾನೆಗಳಿಗೆ ಇರುವ ನಿಯಮದ ಪ್ರಕಾರ 90 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 95 ಆದರೆ 4 ಗಂಟೆ, 100 ಆದರೆ ಬರೀ 2. ಗ್ರೈಂಡರ್ ಪಕ್ಕ ನಮ್ಮ ಫೋನ್ 98 ತೋರಿಸಿತ್ತು. ಅಣ್ಣ ಅಲ್ಲಿ ದಿನಕ್ಕೆ ಹತ್ತು ಗಂಟೆ ನಿಂತಿರ್ತಾರೆ.

ಆಮೇಲೆ ನಾವು ಮಾಡಿದ್ದು ತಪ್ಪು. ಟೀಮ್ ಪ್ರೆಸೆಂಟೇಷನ್‌ನಲ್ಲಿ 'ಸಮಾಜಮುಖಿ ಕೆಲಸ' ಅಂತ ಒಂದು ಸ್ಲೈಡ್ ಬೇಕಿತ್ತು. ಅಣ್ಣನ ಫೋಟೋ, ಹೆಸರು, ಕೆಳಗೆ ಗ್ರಾಫ್ ಹಾಕಿದೆವು. ಖುಷಿಯಿಂದ ಅವರಿಗೇ ತೋರಿಸೋಕೆ ಹೋದೆವು. ಅವರು ಗ್ರಾಫ್ ನೋಡಲಿಲ್ಲ. ಆಚೆ ಈಚೆ ನೋಡಿ ಮೆಲ್ಲಗೆ ಹೇಳಿದರು:

"ತಮ್ಮಾ, ಇದನ್ನ ತಗೀರಿ. ಮಾಲಕರಿಗೆ ಗೊತ್ತಾದ್ರ ನಾಳೆ ಬ್ಯಾರೆಯವರನ್ನ ತರ್ತಾರ. ಕಿವಿ ಹ್ವಾದ್ರ ನಡೀತದ, ಕೆಲಸ ಹ್ವಾದ್ರ?"

ಅಲ್ಲೇ ನಿಂತು ಡಿಲೀಟ್ ಮಾಡಿದೆವು. ಹೆಲ್ತ್ ಚೆಕಪ್ ಅಂದರೆ ಒಳ್ಳೇದೇ ಅಂತ ಅಲ್ಲಿವರೆಗೆ ಅಂದುಕೊಂಡಿದ್ದೆವು. ಆದರೆ ತೊಂದರೆ ಗೊತ್ತಾದ ಮೇಲೆ ಕೈ ಹಿಡಿಯೋರು ಇಲ್ಲದಿದ್ದರೆ ಆ ರಿಪೋರ್ಟೇ ಅವರಿಗೆ ಮುಳುವಾಗುತ್ತೆ. ಇದು ಯಾವ ಲ್ಯಾಬ್ ಮ್ಯಾನುಯಲ್‌ನಲ್ಲೂ ಇರಲಿಲ್ಲ.

ಕಾನೂನು ಏನನ್ನುತ್ತೆ ಅಂತ ಹುಡುಕಿದೆವು. ಶಬ್ದದಿಂದ ಬರುವ ಕಿವುಡುತನ ಇ.ಎಸ್.ಐ. ಕಾಯ್ದೆಯ ವೃತ್ತಿರೋಗಗಳ ಪಟ್ಟಿಯಲ್ಲಿತ್ತು. ಆದರೆ ಇ.ಎಸ್.ಐ. ಕಡ್ಡಾಯ ಆಗಬೇಕಾದರೆ ಸಾಮಾನ್ಯವಾಗಿ 10 ಜನ ಕೆಲಸಗಾರರಿರಬೇಕು. ಈ ಶೆಡ್‌ನಲ್ಲಿ ಇರೋದು ಆರು ಜನ. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಅದು ಇತ್ತು, ಆದರೆ ಹಕ್ಕು ಕೇಳಬೇಕಾದ್ದು ಅದೇ ಮಾಲೀಕರ ಹತ್ತಿರ. ಅಣ್ಣ ಕೇಳ್ತಾರಾ?

ಕೊನೆಗೆ ನಮ್ಮ ಕೈಲಾಗೋದಷ್ಟೇ ಮಾಡಿದೆವು. ಭಾನುವಾರ ಓ.ಪಿ.ಡಿ. ಇರಲ್ಲ, ರಜೆ ಹಾಕಿದರೆ ದಿನದ ಕೂಲಿ ಹೋಗುತ್ತೆ. ಹಾಗಾಗಿ ನಮ್ಮ ಗಾಡಿಯ ಕೆಲಸ ಒಂದು ವಾರ ಮುಂದಕ್ಕೆ ಹಾಕಿ, ಆ ಬಿಡುವಿನಲ್ಲಿ ಒಂದು ಬೆಳಿಗ್ಗೆ ಅವರ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಪರೀಕ್ಷೆ ಆಯ್ತು. ಹೋದ ಕೇಳುವ ಶಕ್ತಿ ವಾಪಸ್ ಬರಲ್ಲ, ಒಳಕಿವಿಯ ಆ ಜೀವಕೋಶಗಳು ಮತ್ತೆ ಹುಟ್ಟಲ್ಲ, ಉಳಿದಿರೋದನ್ನ ಕಾಪಾಡಿಕೊಳ್ಳಿ ಅಂದರು ಡಾಕ್ಟರ್. ಅಣ್ಣ ಚೀಟಿಯನ್ನ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಈ ಸಲ ನಾವು ಫೋಟೋ ತೆಗೀಲಿಲ್ಲ.

ಶೆಡ್ ಮಾಲೀಕರ ಹತ್ತಿರ ನಮ್ಮ ಗೈಡ್ ಸರ್ ಮಾತಾಡಿದರು. ಅಣ್ಣನ ಹೆಸರು ಎತ್ತಲಿಲ್ಲ. "ನಮ್ಮ ಗಾಡಿ ಕೆಲಸ ನಡೀಬೇಕಾದ್ರೆ ಎಲ್ಲರೂ ಕಿವಿಗೆ ಪ್ಲಗ್ ಹಾಕಬೇಕು, ಇದು ಕಾಲೇಜ್ ರೂಲು" ಅಂದರು. ಮಾಲೀಕರು "ಏನಂದ್ರಿ?" ಅಂತ ಎರಡು ಸಲ ಕೇಳಿದರು. ಅವರೂ ಹಿಂದೆ ಗ್ರೈಂಡರ್ ಹಿಡಿದವರೇ ಅಂತೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ಲಗ್ ಡಬ್ಬಿ ಮಾತ್ರ ಬಂತು.

ಇದರಿಂದ ದೊಡ್ಡ ಬದಲಾವಣೆ ಆಯ್ತು ಅಂತ ಹೇಳಲ್ಲ. ಅರ್ಧ ದಿನ ಆದ ಮೇಲೆ ಸೆಕೆಗೆ ಪ್ಲಗ್ ಕಿತ್ತು ಜೇಬಿಗೆ ಹಾಕೋರೇ ಜಾಸ್ತಿ. ಆದರೆ ಹೆಲ್ಪರ್ ಹುಡುಗನದು ಕಿತ್ತರೆ ಅಣ್ಣ ಬಿಡಲ್ಲ, ತಾವೇ ಹೋಗಿ ಹಾಕಿಸ್ತಾರೆ. ಅವನಿಗೆ ನಮ್ಮಷ್ಟೇ ವಯಸ್ಸು, ಹತ್ತೊಂಬತ್ತು. ನಾಳೆ ಎಂಜಿನಿಯರ್ ಅಂತ ನಾವು ಸಹಿ ಹಾಕೋ ಡ್ರಾಯಿಂಗ್‌ಗಳನ್ನ ಕಟ್ ಮಾಡಿ ವೆಲ್ಡ್ ಮಾಡೋದು ಇಂಥವರೇ.

ನಾವೂ ಈಗ ಅಳತೆಯನ್ನ ಕೂಗಿ ಹೇಳಲ್ಲ. ಸೀಮೆಸುಣ್ಣದಲ್ಲಿ ಪೈಪ್ ಮೇಲೇ ಬರೀತೀವಿ: 575. ಅಣ್ಣ ಓದಿ, ಬೆರಳಲ್ಲಿ ತೋರಿಸಿ, ಸರಿನಾ ಅಂತ ನಮ್ಮ ಮುಖ ನೋಡ್ತಾರೆ. ಮೊದಲ ದಿನವೇ ಹೀಗೆ ಮಾಡಬಹುದಿತ್ತು.